ನಾಲ್ಕು ಲಕ್ಷ ಸುತ್ತು, ಒಂದೂ ಉಳಿಯುವಂತಿಲ್ಲ

ಸೇಲಂ ಪಟ್ಟಣದಲ್ಲೂ ಸುತ್ತಲಿನ ಊರುಗಳಲ್ಲೂ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತಮಿಳು ಆಡುವ ದೇವಾಂಗ ನೇಕಾರರಿದ್ದಾರೆ. ಚೌಡೇಶ್ವರಿಯ ಒಕ್ಕಲು, ತಲೆತಲಾಂತರದಿಂದ ಬಂದ ಮಗ್ಗದ ಕಸುಬು. ಆ ಮನೆಗಳ ಹಿರಿಯರನ್ನು ಒಂದು ಮಾತು ಕೇಳಿ ನೋಡಿ: ಎರಡೆಳೆ ಸೇರಿಸಿ ಹುರಿ ಮಾಡಿದ ನೂಲಿನ ಎರಡು ತುದಿಗಳನ್ನೂ ಬಿಗಿಯಾಗಿ ಕಟ್ಟಿ, ನಡುವೆ ಬೆರಳು ತೂರಿಸಿ ಎಳೆಗಳನ್ನು ಬೇರೆ ಮಾಡಹೊರಟರೆ ಏನಾಗುತ್ತದೆ? ಅವರು ಯೋಚಿಸಬೇಕಾಗಿಯೇ ಇಲ್ಲ. ಇಲ್ಲಿ ಬಿಡಿಸಿದಷ್ಟೂ ಹುರಿ ಮುಂದಕ್ಕೆ ಸರಿದು ಅಲ್ಲಿ ಬಿಗಿಯುತ್ತದೆ. ಇನ್ನಷ್ಟು ಬಿಡಿಸಿದರೆ ನೂಲು ತನ್ನ ಮೇಲೆ ತಾನೇ ಮುರುಟಿಕೊಂಡು ಸಿಕ್ಕಾಗುತ್ತದೆ. ಆಮೇಲೆ ಬೆರಳು ಒಂದು ಕೂದಲೆಳೆಯಷ್ಟೂ ಮುಂದೆ ಹೋಗದು. ಆಗ ದಾರಿ ಒಂದೇ: ಕತ್ತರಿಸಬೇಕು, ಹುರಿ ಬಿಡಬೇಕು, ಮತ್ತೆ ಕೆಚ್ಚಬೇಕು.

ಇದೇ ಪೇಚು, ಇದಕ್ಕಿಂತ ಎಷ್ಟೋ ಪಾಲು ಬಿಗಿಯಾದ ಪೇಚು, ಈ ಕ್ಷಣದಲ್ಲಿ ನಿಮ್ಮ ಕರುಳಿನಲ್ಲಿ, ಅಡುಗೆಮನೆಯ ಮೊಸರಿನಲ್ಲಿ, ಏರ್ಕಾಡಿನ ಕಾಫಿ ತೋಟದ ಮಣ್ಣಿನಲ್ಲಿ ಕೋಟ್ಯಂತರ ಸಲ ಎದುರಾಗುತ್ತಿದೆ. ಕೋಟ್ಯಂತರ ಸಲ ಬಗೆಹರಿಯುತ್ತಲೂ ಇದೆ! ಒಂದು ಬ್ಯಾಕ್ಟೀರಿಯ ಎರಡಾಗುವ ಪ್ರತಿ ಸಲವೂ ಅದು ನಡೆಯಲೇಬೇಕು. ಬಗೆಹರಿಸುವವು ಕಣ್ಣಿಗೆ ಕಾಣದ ಕೆಲವೇ ಕಿಣ್ವಗಳು. ಅವು ಕತ್ತರಿಸುತ್ತವೆ, ಹುರಿ ಬಿಡುತ್ತವೆ, ಮತ್ತೆ ಕೆಚ್ಚುತ್ತವೆ. ಕೆಚ್ಚಿದ ಜಾಗದಲ್ಲಿ ಗಂಟೂ ಇರುವುದಿಲ್ಲ, ಗುರುತೂ ಇರುವುದಿಲ್ಲ. ಈ ಕಿಣ್ವಗಳ ಕಥೆಯ ಒಂದು ದೊಡ್ಡ ಅಧ್ಯಾಯ ಬರೆಯಲ್ಪಟ್ಟಿರುವುದು ಸೇಲಂನಿಂದ ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ. ಅದೂ ನಮ್ಮ ನಾಡನ್ನು ಇಂದಿಗೂ ಬಿಡದೆ ಕಾಡುತ್ತಿರುವ ಕ್ಷಯರೋಗದ ಬ್ಯಾಕ್ಟೀರಿಯವನ್ನು ಮುಂದಿಟ್ಟುಕೊಂಡು.

ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ

ಕ್ಷಯದ ಬ್ಯಾಕ್ಟೀರಿಯದ ಹೆಸರು ಮೈಕೋಬ್ಯಾಕ್ಟೀರಿಯಂ ಟ್ಯೂಬರ್ಕ್ಯುಲೋಸಿಸ್. ಉದ್ದ 2ರಿಂದ 4 ಮೈಕ್ರೊಮೀಟರ್. ಮುನ್ನೂರಕ್ಕೂ ಹೆಚ್ಚು ಬ್ಯಾಕ್ಟೀರಿಯಗಳನ್ನು ತಲೆಗೆ ಕಾಲು ತಾಗಿಸಿ ಸಾಲಾಗಿ ಮಲಗಿಸಿದರೆ ಒಂದು ಮಿಲಿಮೀಟರ್ ಆದೀತು. ಆದರೆ ಒಂದೇ ಒಂದು ಬ್ಯಾಕ್ಟೀರಿಯದೊಳಗಿನ ಡಿಎನ್‌ಎಯನ್ನು ಹೊರತೆಗೆದು ಚಾಚಿದರೆ ಅದರ ಉದ್ದ ಒಂದೂವರೆ ಮಿಲಿಮೀಟರ್! ತನ್ನ ಮೈಯುದ್ದದ ಐನೂರು ಪಟ್ಟು ಉದ್ದದ ಎಳೆಯನ್ನು ಒಳಗೆ ತುಂಬಿಕೊಂಡು ಅದು ಬದುಕುತ್ತದೆ, ಉಣ್ಣುತ್ತದೆ, ಇಮ್ಮಡಿಯಾಗುತ್ತದೆ.

ಆ ಎಳೆಗೆ ತುದಿಯೇ ಇಲ್ಲ. ಅದು ಮುಚ್ಚಿದ ಉಂಗುರ. ಅದರಲ್ಲಿ ಎರಡೆಳೆಗಳನ್ನು ಮೆಟ್ಟಿಲಿನಂತೆ ಕೂಡಿಸುವ ಸುಮಾರು 44 ಲಕ್ಷ ಬೇಸ್ ಜೋಡಿಗಳಿವೆ. ಡಿಎನ್‌ಎಯ ಎರಡು ಎಳೆಗಳು ಹತ್ತೂವರೆ ಬೇಸ್ ಜೋಡಿಗೆ ಒಂದು ಸುತ್ತಿನಂತೆ ಒಂದನ್ನೊಂದು ಸುತ್ತಿಕೊಂಡಿವೆ. ಭಾಗಿಸಿ ನೋಡಿ: ಸುಮಾರು 4 ಲಕ್ಷ 20 ಸಾವಿರ ಸುತ್ತು.

ಬ್ಯಾಕ್ಟೀರಿಯ ಎರಡಾಗುವ ಮುನ್ನ ಡಿಎನ್‌ಎ ನಕಲಾಗಬೇಕು. ನಕಲು ನಡೆಯುವಾಗ ಹಳೆಯ ಎರಡು ಎಳೆಗಳು ಬೇರೆಯಾಗಿ, ಪ್ರತಿಯೊಂದೂ ಒಂದು ಹೊಸ ಎಳೆಯನ್ನು ಜೊತೆಗೂಡಿಸಿಕೊಳ್ಳುತ್ತದೆ. ಹಳೆಯ ಎಳೆಗಳಲ್ಲಿ ಒಂದು ಒಂದು ಮರಿಗೆ, ಇನ್ನೊಂದು ಇನ್ನೊಂದು ಮರಿಗೆ. ಇದನ್ನು 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ತಮ್ಮ ಪ್ರಖ್ಯಾತ ಪ್ರಯೋಗದಿಂದ ತೋರಿಸಿಕೊಟ್ಟರು. ಅಂದಮೇಲೆ ಆ ನಾಲ್ಕು ಲಕ್ಷ ಇಪ್ಪತ್ತು ಸಾವಿರ ಸುತ್ತುಗಳೂ ಬಿಚ್ಚಿಹೋಗಲೇಬೇಕು. ನೂರಕ್ಕೆ ತೊಂಬತ್ತೊಂಬತ್ತು ಪಾಲು ಬಿಚ್ಚಿದರೆ ಸಾಲದು. ಒಂದೇ ಒಂದು ಸುತ್ತು ಉಳಿದರೂ ಎರಡು ಉಂಗುರಗಳು ಒಂದರೊಳಗೊಂದು ಕೋದುಕೊಂಡೇ ಇರುತ್ತವೆ. ಕೋದುಕೊಂಡ ಉಂಗುರಗಳನ್ನು ಎರಡು ಮರಿಗಳಿಗೆ ಹಂಚುವುದು ಸಾಧ್ಯವಿಲ್ಲ.

ತುದಿಯಿಲ್ಲದ ಎಳೆ. ತಿರುಗಿಸಿ ಬಿಚ್ಚಲು ಜಾಗವಿಲ್ಲದ ಗೂಡು. ಲಕ್ಷಗಟ್ಟಲೆ ಸುತ್ತು. ಒಂದೂ ತಪ್ಪುವಂತಿಲ್ಲ. ಹೇಗೆ ಸಾಧ್ಯ?

ವಾಟ್ಸನ್-ಕ್ರಿಕ್ ಎದುರಿಗೇ ನಿಂತ ಪ್ರಶ್ನೆ

ಈ ಪ್ರಶ್ನೆಗೂ ಡಿಎನ್‌ಎ ರಚನೆಗೂ ಒಂದೇ ವಯಸ್ಸು. 1953ರ ಏಪ್ರಿಲ್ 25ರಂದು ನೇಚರ್ ಪತ್ರಿಕೆಯಲ್ಲಿ ಜೋಡಿಸುರುಳಿಯ ರಚನೆಯನ್ನು ಸಾರಿದ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್, ಮೇ 30ರಂದು ಬಂದ ಎರಡನೆಯ ಲೇಖನದಲ್ಲೇ ಎಳೆಗಳನ್ನು ಬಿಚ್ಚುವ ತೊಡಕನ್ನು ತಾವಾಗಿ ಪ್ರಸ್ತಾಪಿಸಿದರು. ದಾಟಲಾಗದ ತೊಡಕಲ್ಲ ಎಂಬುದು ಅವರ ನಂಬಿಕೆ. ದಾಟುವ ದಾರಿ ಮಾತ್ರ ಕಂಡಿರಲಿಲ್ಲ. 1954ರಲ್ಲಿ ಮ್ಯಾಕ್ಸ್ ಡೆಲ್ಬ್ರುಕ್ ಈ ತೊಡಕನ್ನೇ ಹಿಡಿದು ಬರೆದರು. ಎಳೆಗಳು ತುಂಡಾಗಿ ಮತ್ತೆ ಕೂಡಿಕೊಳ್ಳದೆ ಇದು ಆಗುವ ಕೆಲಸವಲ್ಲ ಎಂಬ ದಿಕ್ಕಿನಲ್ಲಿ ಅವರ ಯೋಚನೆ ಹರಿಯಿತು. ತಮ್ಮ ಕಾಲಕ್ಕಿಂತ ಎಷ್ಟು ಮುಂದೆ ನೋಡಿದ್ದರು ಅವರು!

1963ರಲ್ಲಿ ಜಾನ್ ಕೇರ್ನ್ಸ್ ವಿಕಿರಣಶೀಲ ಗುರುತು ಹಚ್ಚಿದ ಇ. ಕೋಲಿ ಬ್ಯಾಕ್ಟೀರಿಯದ ಡಿಎನ್‌ಎಯನ್ನು ಮೆಲ್ಲನೆ ಹರಡಿ, ಛಾಯಾಗ್ರಹಣದ ಲೇಪನದಡಿ ಸುಮಾರು ಎರಡು ತಿಂಗಳು ಕತ್ತಲಲ್ಲಿಟ್ಟು ಅದರ ಚಿತ್ರ ಪಡೆದರು. ಬ್ಯಾಕ್ಟೀರಿಯದ ಇಡೀ ವರ್ಣತಂತು ಉಂಗುರವಾಗಿರುವುದು, ಉಂಗುರವಾಗಿದ್ದುಕೊಂಡೇ ನಕಲಾಗುತ್ತಿರುವುದು ಮೊದಲ ಬಾರಿಗೆ ಮನುಷ್ಯರ ಕಣ್ಣಿಗೆ ಬಿತ್ತು. ತುದಿಯಿದ್ದರೆ ಹೇಗೋ ತಿರುಗಿ ಬಿಚ್ಚಿಕೊಂಡೀತು ಎಂದು ಸಮಾಧಾನ ಹೇಳಿಕೊಳ್ಳುವ ದಾರಿಯೂ ಅಲ್ಲಿಗೆ ಮುಚ್ಚಿತು.

ಉತ್ತರ ಸಿಕ್ಕಿದ್ದು 1971ರಲ್ಲಿ. ಅಮೆರಿಕದ ಬರ್ಕ್‌ಲಿಯಲ್ಲಿದ್ದ ಜೇಮ್ಸ್ ವಾಂಗ್ ಇ. ಕೋಲಿಯಿಂದ ಒಂದು ಪ್ರೋಟೀನನ್ನು ಹೊರತೆಗೆದು, ಬಿಗಿಯಾಗಿ ಮುರುಟಿಕೊಂಡ ಡಿಎನ್‌ಎ ಉಂಗುರದ ಜೊತೆ ಬೆರೆಸಿದರು. ಉಂಗುರ ಸಡಿಲವಾಯಿತು. ಎಳೆ ಮಾತ್ರ ಎಲ್ಲೂ ಹರಿದಿರಲಿಲ್ಲ! ಹೊರಗಿನ ಶಕ್ತಿಯ ಇಂಧನವೂ ಅದಕ್ಕೆ ಬೇಕಾಗಿರಲಿಲ್ಲ. ಎರಡರಲ್ಲಿ ಒಂದು ಎಳೆಯನ್ನು ಕತ್ತರಿಸಿ, ಇನ್ನೊಂದನ್ನು ಆ ಸಂದಿನಲ್ಲಿ ಹಾಯಿಸಿ, ಮತ್ತೆ ಬೆಸೆಯುವ ಕಿಣ್ವ ಅದು. ಇಂದು ಅದರ ಹೆಸರು ಟೋಪೋಐಸೋಮರೇಸ್ ಒಂದು. ಐದು ವರ್ಷಗಳ ನಂತರ, 1976ರಲ್ಲಿ, ಮಾರ್ಟಿನ್ ಗೆಲ್ಲರ್ಟ್ ಮತ್ತು ಸಂಗಡಿಗರು ಇನ್ನೂ ಬೆರಗಿನ ಕಿಣ್ವವೊಂದನ್ನು ಕಂಡುಹಿಡಿದರು. ಅದು ಒಂದು ಎಳೆಯನ್ನಲ್ಲ, ಎರಡನ್ನೂ ಒಟ್ಟಿಗೆ ಕತ್ತರಿಸುತ್ತದೆ. ಅದೇ ಗೈರೇಸ್.

ಹತ್ತಿರ ಹೋಗಿ ನೋಡೋಣ

ಗೈರೇಸ್‌ನ ಒಂದು ಆವರ್ತವನ್ನು ನಿಧಾನಿಸಿ ನೋಡೋಣ. ಅದು ನಾಲ್ಕು ಪ್ರೋಟೀನುಗಳ ಕೂಟ: ಎರಡು ‘ಎ’, ಎರಡು ‘ಬಿ’. ಮೊದಲು ಅದು ಡಿಎನ್‌ಎಯ ಸುಮಾರು 130 ಬೇಸ್ ಜೋಡಿ ಉದ್ದದ ಭಾಗವನ್ನು ತನ್ನ ಮೈಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಎರಡೂ ಎಳೆಗಳನ್ನು ನಾಲ್ಕು ಬೇಸ್‌ಗಳ ಅಂತರದಲ್ಲಿ ಓರೆಯಾಗಿ ಕತ್ತರಿಸುತ್ತದೆ.

ಇಲ್ಲಿ ಉಸಿರು ಬಿಗಿಹಿಡಿಯಬೇಕು. ಜೀವಕೋಶಕ್ಕೆ ಡಿಎನ್‌ಎಯ ಎರಡೂ ಎಳೆ ತುಂಡಾಗುವುದಕ್ಕಿಂತ ದೊಡ್ಡ ಗಂಡಾಂತರ ಬೇರೆ ಇಲ್ಲ. ತುಂಡಾದ ತುದಿಗಳು ಚದುರಿದರೆ ಕಥೆ ಮುಗಿದಂತೆ. ಆದರೆ ಗೈರೇಸ್ ಅವುಗಳನ್ನು ಕೈಬಿಡುವುದೇ ಇಲ್ಲ. ಎರಡು ‘ಎ’ ಪ್ರೋಟೀನುಗಳಲ್ಲಿ ಒಂದೊಂದು ಟೈರೊಸಿನ್ ಎಂಬ ಅಮೈನೊ ಆಮ್ಲವಿದೆ. ಕತ್ತರಿಸಿದ ತುದಿಯನ್ನು ಅದು ತನ್ನೊಡನೆ ಗಟ್ಟಿಯಾದ ರಾಸಾಯನಿಕ ಬಂಧದಿಂದ ಬೆಸೆದುಕೊಂಡುಬಿಡುತ್ತದೆ. ಕತ್ತರಿಯೂ ಅದೇ, ಹಿಡಿತವೂ ಅದೇ. ಮುರಿದ ಬಂಧದ ಶಕ್ತಿ ವ್ಯರ್ಥವಾಗದೆ ಈ ಹೊಸ ಬಂಧದಲ್ಲಿ ಉಳಿದಿರುತ್ತದೆ. ಮತ್ತೆ ಕೂಡಿಸಲು ಅದೇ ಸಾಕು.

ಈಗ ಕತ್ತರಿಸಿದ ತುದಿಗಳು ಸ್ವಲ್ಪವೇ ದೂರ ಸರಿಯುತ್ತವೆ. ನಡುವೆ ಸಂದೊಂದು ತೆರೆಯುತ್ತದೆ. ಅದೇ ಡಿಎನ್‌ಎಯ ಇನ್ನೊಂದು ಭಾಗ, ಎರಡೂ ಎಳೆಗಳ ಸಮೇತ, ಆ ಸಂದಿನಲ್ಲಿ ತೂರಿ ಆಚೆ ಬರುತ್ತದೆ. ಸಂದು ಮುಚ್ಚುತ್ತದೆ. ಟೈರೊಸಿನ್‌ಗಳು ತುದಿಗಳನ್ನು ಬಿಟ್ಟುಕೊಡುತ್ತವೆ. ಎಳೆಗಳು ಮೊದಲಿನಂತೆ ಕೂಡಿಕೊಳ್ಳುತ್ತವೆ. ಈ ಆವರ್ತಕ್ಕೆ ಖರ್ಚಾಗುವುದು ಜೀವಕೋಶದ ಇಂಧನವಾದ ಎಟಿಪಿಯ ಎರಡು ಅಣು. ಸರಿದ ಲೆಕ್ಕ ಎರಡು ಸುತ್ತು. ವಾಂಗ್ ಕಂಡ ಟೋಪೋಐಸೋಮರೇಸ್ ಒಂದು ಸಲಕ್ಕೆ ಒಂದು ಸುತ್ತು ಬಿಡಿಸಿದರೆ, ಗೈರೇಸ್ ಎರಡೆರಡು!

ನಕಲು ಮಾಡುವ ಯಂತ್ರ ಮುಂದೆ ಸಾಗಿದಂತೆ ಅದರೆದುರಿನ ಡಿಎನ್‌ಎ ಬಿಗಿಯುತ್ತದೆ. ಗೈರೇಸ್ ಅಲ್ಲಿ ಕೂತು ಆ ಬಿಗಿತವನ್ನು ತೆಗೆಯುತ್ತದೆ. ತೆಗೆಯುವುದಷ್ಟೇ ಅಲ್ಲ, ಎದುರು ದಿಕ್ಕಿಗೂ ಹುರಿ ಹಾಕಿ ಎಳೆಗಳನ್ನು ಸಡಿಲಿಸಿಡುತ್ತದೆ. ಇ. ಕೋಲಿಯಲ್ಲಿ ನಕಲಿನ ವೇಗ ಸೆಕೆಂಡಿಗೆ ಸಾವಿರ ಬೇಸ್ ಜೋಡಿಯವರೆಗೂ ಹೋಗುತ್ತದೆ. ಎಂದರೆ ಪ್ರತಿ ಸೆಕೆಂಡಿಗೆ ಸುಮಾರು ನೂರು ಸುತ್ತುಗಳ ಒತ್ತಡ ಕಿಣ್ವಗಳ ಮೇಲೆ ಬೀಳುತ್ತದೆ. ಕ್ಷಯದ ಬ್ಯಾಕ್ಟೀರಿಯದ ನಡೆ ಇದಕ್ಕೆ ತೀರಾ ಬೇರೆ. ಅದರ ಡಿಎನ್‌ಎ ಒಮ್ಮೆ ಪೂರ್ತಿ ನಕಲಾಗಲು ಹತ್ತು ಗಂಟೆಯ ಆಸುಪಾಸು ಹಿಡಿಯುತ್ತದೆ ಎಂದು 1986ರಲ್ಲಿ ಅಳೆದು ಹೇಳಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹಿರಿಯಣ್ಣ ಮತ್ತು ಟಿ. ರಾಮಕೃಷ್ಣನ್. ಇ. ಕೋಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಕ್ಷಯದ್ದು ಎರಡಾಗಲು ಬಹುಮಟ್ಟಿಗೆ ಒಂದು ದಿನವೇ ಬೇಕು. ಆ ರೋಗದ ಔಷಧಿಯನ್ನು ತಿಂಗಳುಗಟ್ಟಲೆ ನುಂಗಬೇಕಾಗುವುದಕ್ಕೆ ಈ ಮಂದಗತಿಯೂ ಒಂದು ಕಾರಣ.

ಕೊನೆಯ ಗಳಿಗೆಯ ಇಕ್ಕಟ್ಟು

ನಕಲು ಉಂಗುರದ ಒಂದು ಜಾಗದಲ್ಲಿ ಆರಂಭವಾಗುತ್ತದೆ. ಅಲ್ಲಿಂದ ಎರಡು ಯಂತ್ರಗಳು ಎರಡು ದಿಕ್ಕಿಗೆ ಹೊರಟು, ಉಂಗುರದ ಎದುರು ಬದಿಯಲ್ಲಿ ಸಂಧಿಸುತ್ತವೆ. ಆ ಸಂಧಿಯ ಪ್ರದೇಶಕ್ಕೆ ವಿಜ್ಞಾನಿಗಳು ಇಟ್ಟ ಚುಟುಕು ಹೆಸರು ‘ಟರ್’. ಅಸಲಿ ಇಕ್ಕಟ್ಟು ಅಲ್ಲಿದೆ.

ದಾರಿಯುದ್ದಕ್ಕೂ ಯಂತ್ರದ ಮುಂದೆ ಗೈರೇಸ್ ಕೂರಲು ಬೇಕಾದಷ್ಟು ಜಾಗವಿತ್ತು. ಎರಡು ಯಂತ್ರಗಳು ಎದುರುಬದುರಾಗಿ ಹತ್ತಿರ ಹತ್ತಿರ ಬಂದಾಗ ನಡುವೆ ಉಳಿಯುವುದು ಕೆಲವೇ ಬೇಸ್ ಜೋಡಿ. ಅಲ್ಲಿ ಗೈರೇಸ್‌ಗೆ ಕಾಲೂರಲೂ ಎಡೆಯಿಲ್ಲ. ಆಗ ಯಂತ್ರವೇ ತಿರುಗಿ, ಮುಂದಿನ ಹುರಿ ಹಿಂದಕ್ಕೆ ಜಾರುತ್ತದೆ. ಹಿಂದೆ ಇರುವುದು ಆಗತಾನೆ ಹುಟ್ಟಿದ ಎರಡು ಹೊಸ ಡಿಎನ್‌ಎಗಳು. ಅವು ಒಂದನ್ನೊಂದು ಸುತ್ತಿಕೊಳ್ಳುತ್ತವೆ. ನಕಲು ಮುಗಿಯುವಾಗ ಸಿಗುವುದು ಎರಡು ಬಿಡಿ ಉಂಗುರಗಳಲ್ಲ, ಕೋದುಕೊಂಡ ಜೋಡಿ ಉಂಗುರ.

ಅದನ್ನು ಬಿಡಿಸದಿದ್ದರೆ ಏನಾಗುತ್ತದೆ ಎಂಬುದನ್ನು 1990ರಲ್ಲಿ ಜಪಾನಿನ ಜುನ್-ಇಚಿ ಕಾಟೊ ಮತ್ತು ಸಂಗಡಿಗರು ಕಂಡರು. ಇ. ಕೋಲಿಯ ಒಂದು ಬಗೆಯ ವಿಕೃತ ತಳಿಯಲ್ಲಿ ಕೋಶಗಳು ಉದ್ದಕ್ಕೆ ಬೆಳೆಯುತ್ತಲೇ ಹೋಗುತ್ತಿದ್ದವು. ನಡುವೆ ಡಿಎನ್‌ಎ ಒಂದೇ ಮುದ್ದೆಯಾಗಿ ಬಿದ್ದಿರುತ್ತಿತ್ತು. ಪಾಲಾಗಲು ಹವಣಿಸಿ, ಪಾಲಾಗಲಾರದೆ ಸಾಯುವ ಕೋಶಗಳು ಅವು! ಅವುಗಳಲ್ಲಿ ಕೆಟ್ಟಿದ್ದ ಕಿಣ್ವಕ್ಕೆ ಟೋಪೋಐಸೋಮರೇಸ್ ನಾಲ್ಕು ಎಂದು ಹೆಸರಾಯಿತು. ಗೈರೇಸ್‌ಗೆ ಹತ್ತಿರದ ಬಂಧು ಅದು. ಕೋದ ಉಂಗುರಗಳನ್ನು ಬಿಡಿಸುವುದೇ ಅದರ ಮುಖ್ಯ ಕಾಯಕ. ಒಂದು ಉಂಗುರದ ಎರಡೂ ಎಳೆ ಕತ್ತರಿಸಿ, ಇನ್ನೊಂದು ಉಂಗುರವನ್ನೇ ಆ ಸಂದಿನಲ್ಲಿ ಹಾಯಿಸಿ ಕೆಚ್ಚಿಬಿಟ್ಟರೆ ಎರಡೂ ಬಿಡುಗಡೆ. ಆಮೇಲಷ್ಟೇ ಎಳೆದು ಹಂಚುವ ಇತರ ಪ್ರೋಟೀನುಗಳ ಶ್ರಮ ಸಾರ್ಥಕವಾಗುವುದು.

ಇ. ಕೋಲಿಯ ಬಳಿ ಇಂಥ ಕಿಣ್ವಗಳು ಒಟ್ಟು ನಾಲ್ಕು. ಕೆಲಸ ಹಂಚಿಕೊಂಡು ಮಾಡುತ್ತವೆ. ಕಥೆ ಇಲ್ಲಿಗೆ ಮುಗಿದಿದ್ದರೂ ಬೆರಗಿಗೆ ಕೊರತೆಯಿರಲಿಲ್ಲ. ಆದರೆ 1998ರಲ್ಲಿ ಕ್ಷಯದ ಬ್ಯಾಕ್ಟೀರಿಯದ ಜೀನೋಮನ್ನು ಪೂರ್ತಿಯಾಗಿ ಓದಿದಾಗ ಹೊಸ ಒಗಟೊಂದು ಎದ್ದು ನಿಂತಿತು. ಸುಮಾರು ನಾಲ್ಕು ಸಾವಿರ ಜೀನ್‌ಗಳ ಆ ಪಟ್ಟಿಯಲ್ಲಿ ಟೋಪೋಐಸೋಮರೇಸ್ ನಾಲ್ಕು ಇರಲೇ ಇಲ್ಲ! ಇದ್ದದ್ದು ಗೈರೇಸ್ ಒಂದು, ಟೋಪೋಐಸೋಮರೇಸ್ ಒಂದು. ಎರಡೇ ಎರಡು. ಆದರೂ ಆ ಬ್ಯಾಕ್ಟೀರಿಯ ಸಾವಿರಾರು ವರ್ಷಗಳಿಂದ ತಪ್ಪದೆ ಎರಡಾಗುತ್ತಲೇ ಬಂದಿದೆ. ಹಾಗಾದರೆ ಅದರ ಉಂಗುರಗಳನ್ನು ಬಿಡಿಸುತ್ತಿರುವುದು ಯಾರು?

ಬೆಂಗಳೂರಿನ ಉತ್ತರ

ಭಾರತೀಯ ವಿಜ್ಞಾನ ಸಂಸ್ಥೆಯ ಸೂಕ್ಷ್ಮಜೀವಿ ಮತ್ತು ಕೋಶಜೀವಶಾಸ್ತ್ರ ವಿಭಾಗದಲ್ಲಿ ವಳಕುಂಜ ನಾಗರಾಜ ಅವರ ತಂಡ ಆ ಹೊತ್ತಿಗಾಗಲೇ ಮೈಕೋಬ್ಯಾಕ್ಟೀರಿಯಗಳ ಈ ಕಿಣ್ವಗಳ ಬೆನ್ನು ಹತ್ತಿತ್ತು. 2002ರಲ್ಲಿ ಉಜ್ಜಿನಿ ಮಂಜುನಾಥ ಮತ್ತು ಸಂಗಡಿಗರೊಡನೆ ಅವರು ಪ್ರಕಟಿಸಿದ ಸಂಶೋಧನೆ ಒಗಟಿನ ಅರ್ಧವನ್ನು ಬಿಡಿಸಿತು: ಮೈಕೋಬ್ಯಾಕ್ಟೀರಿಯಗಳ ಗೈರೇಸ್ ಹುರಿ ಹಾಕುವುದರ ಜೊತೆಗೆ ಕೋದ ಉಂಗುರಗಳನ್ನು ಬಿಡಿಸುವುದರಲ್ಲೂ ಗಟ್ಟಿಗ. ಇ. ಕೋಲಿಯ ಗೈರೇಸ್ ಈ ಎರಡನೆಯ ಕೆಲಸದಲ್ಲಿ ಹಿಂದೆ ಬೀಳುತ್ತದೆ. ಇಲ್ಲಿ ಒಂದೇ ಕಿಣ್ವ ಎರಡು ಕಿಣ್ವಗಳ ಹೊರೆ ಹೊತ್ತಿದೆ.

ಇಂಥದ್ದನ್ನು ಕಣ್ಣಾರೆ ಕಾಣುವುದು ಹೇಗೆ? ಉಂಗುರ ಬಿಡಿಸುವ ಶಕ್ತಿಯನ್ನು ಪರೀಕ್ಷಿಸಲು ಜಗತ್ತಿನ ಪ್ರಯೋಗಾಲಯಗಳು ಬಳಸುವ ವಿಧಾನವೊಂದಿದೆ. ಅದೇ ಒಂದು ಚೋದ್ಯ. ಕೀಟಗಳ ಕರುಳಿನಲ್ಲಿ ಬದುಕುವ ಕ್ರಿಥಿಡಿಯ ಎಂಬ ಏಕಕೋಶ ಜೀವಿಯ ಮೈಟೊಕಾಂಡ್ರಿಯದಲ್ಲಿ ಸುಮಾರು ಐದು ಸಾವಿರ ಪುಟ್ಟ ಡಿಎನ್‌ಎ ಉಂಗುರಗಳು ಒಂದಕ್ಕೊಂದು ಕೋದುಕೊಂಡು ಬಲೆಯಾಗಿವೆ. ಆ ಬಲೆಯನ್ನು ಹೊರತೆಗೆದು, ಪಾಚಿಯ ಸಾರದಿಂದ ಮಾಡಿದ ಜೆಲ್ ಹಲಗೆಯ ಗುಳಿಯಲ್ಲಿ ಹಾಕಿ ವಿದ್ಯುತ್ ಹಾಯಿಸಿದರೆ ಅದು ಕದಲುವುದಿಲ್ಲ. ಜೆಲ್‌ನ ಸೂಕ್ಷ್ಮ ರಂಧ್ರಗಳಲ್ಲಿ ನುಗ್ಗಲಾರದಷ್ಟು ದೊಡ್ಡದು. ಈಗ ಅದೇ ಬಲೆಗೆ ಕಿಣ್ವ, ಎಟಿಪಿ, ಚೂರು ಮೆಗ್ನೀಸಿಯಂ ಬೆರೆಸಿ, ಮೈಬಿಸಿಯಷ್ಟು ಶಾಖದಲ್ಲಿ ಸ್ವಲ್ಪ ಹೊತ್ತಿಟ್ಟು ಮತ್ತೆ ಜೆಲ್‌ಗೆ ಹಾಕಿ. ಬಣ್ಣ ಹಚ್ಚಿ ನೇರಳಾತೀತ ಬೆಳಕಿನಡಿ ಹಿಡಿದರೆ ಗುಳಿ ಖಾಲಿ! ಜೆಲ್‌ನ ಒಳಗೆ, ದೂರದಲ್ಲಿ, ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಒಂದು ಅಚ್ಚುಕಟ್ಟಾದ ಗೆರೆ. ಬಲೆಯಿಂದ ಬಿಡುಗಡೆಯಾದ ಉಂಗುರಗಳು ಅವು. ಒಂದೊಂದೂ ಇಡಿಯಾಗಿವೆ, ಒಂದೂ ಹರಿದಿಲ್ಲ.

ಒಗಟಿನ ಉಳಿದರ್ಧ ಇನ್ನೂ ಸೋಜಿಗದ್ದು. ಟೋಪೋಐಸೋಮರೇಸ್ ಒಂದು ಕತ್ತರಿಸುವುದು ಒಂದೇ ಎಳೆಯನ್ನು. ಎರಡೆಳೆಯ ಉಂಗುರ ಎರಡೆಳೆಯ ಉಂಗುರದಿಂದ ಬಿಡುಗಡೆಯಾಗಬೇಕಾದರೆ ಅದು ಉಪಯೋಗಕ್ಕೆ ಬಾರದು ಎಂದೇ ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಆಗತಾನೆ ನಕಲಾದ ಡಿಎನ್‌ಎಯಲ್ಲಿ ಇನ್ನೂ ತುಂಬದ ಒಂಟಿ ಎಳೆಯ ಎಡೆಗಳು ಇರುತ್ತವೆ. ಅಂಥ ಕಡೆ ಒಂದು ಎಳೆ ಕತ್ತರಿಸಿದರೂ ಸಾಕು, ದಾರಿ ತೆರೆದೀತು.

ನಾಗರಾಜ ಅವರ ತಂಡ ಈ ಕಿಣ್ವವನ್ನು ವರ್ಷಾನುವರ್ಷ ಬಿಡದೆ ಹಿಂಬಾಲಿಸಿತು. ಮೈಕೋಬ್ಯಾಕ್ಟೀರಿಯದ ಟೋಪೋಐಸೋಮರೇಸ್ ಒಂದರ ಬಾಲದ ರಚನೆಯೇ ಬೇರೆ. ಇತರ ಹಲವು ಬ್ಯಾಕ್ಟೀರಿಯಗಳಲ್ಲಿ ಅಲ್ಲಿ ಸತುವನ್ನು ಹಿಡಿಯುವ ಭಾಗವಿದ್ದರೆ, ಇದರಲ್ಲಿ ಧನ ಆವೇಶದ ಅಮೈನೊ ಆಮ್ಲಗಳ ಸಾಲಿದೆ. ಋಣ ಆವೇಶದ ಡಿಎನ್‌ಎಯನ್ನು ಆ ಬಾಲ ಹಿಡಿದು ಸಂದಿನಲ್ಲಿ ಹಾಯಿಸಲು ನೆರವಾಗುತ್ತದೆ ಎಂದು 2013ರಲ್ಲಿ ತಂಡ ತೋರಿಸಿತು. ಈ ಕಿಣ್ವ ಇಲ್ಲದೆ ಕ್ಷಯದ ಬ್ಯಾಕ್ಟೀರಿಯ ಬದುಕಲಾರದು ಎಂಬುದೂ 2015ರ ಹೊತ್ತಿಗೆ ಸ್ಪಷ್ಟವಾಯಿತು. 2019ರಲ್ಲಿ ಫೂಲವಂತಿ ರಾಣಿ ಮತ್ತು ನಾಗರಾಜ ಅವರು ಕಿಣ್ವ ಜೀನೋಮಿನ ಉದ್ದಗಲದಲ್ಲಿ ಎಲ್ಲೆಲ್ಲಿ ಕೆಲಸ ಮಾಡುತ್ತದೆ ಎಂಬ ನಕ್ಷೆಯನ್ನೇ ಬರೆದರು. ಜೀನ್‌ಗಳು ಚುರುಕಾಗಿ ಓದಲ್ಪಡುವ ಕಡೆ ಅದು ಇತ್ತು. ಅದು ನಿರೀಕ್ಷಿಸಿದ್ದೇ. ಅದರ ಜೊತೆಗೆ ಅದು ಗುಂಪುಗೂಡಿದ್ದ ಇನ್ನೊಂದು ಜಾಗ ಯಾವುದು ಗೊತ್ತೇ? ಟರ್! ಎರಡು ಯಂತ್ರಗಳು ಸಂಧಿಸುವ, ಗೈರೇಸ್‌ಗೆ ಕಾಲೂರಲೂ ಎಡೆಯಿಲ್ಲದ, ಕೊನೆಯ ಕೊಂಡಿಗಳು ಉಳಿಯುವ ಅದೇ ಇಕ್ಕಟ್ಟಿನ ಜಾಗ.

ಹುರಿಯ ಬಿಗಿತವನ್ನು ಹದದಲ್ಲಿಡುವುದಷ್ಟೇ ಇದರ ಕೆಲಸ ಎಂದು ಪುಸ್ತಕಗಳು ಹೇಳುತ್ತಿದ್ದ ಕಿಣ್ವ, ವರ್ಣತಂತುಗಳು ಬೇರ್ಪಡುವ ಕೊನೆಯ ಗಳಿಗೆಯಲ್ಲೂ ಪಾಲುದಾರ. ಎರಡೇ ಕಿಣ್ವ, ನಾಲ್ಕರ ಕೆಲಸ. ಅಷ್ಟರಲ್ಲೇ 4 ಲಕ್ಷ 20 ಸಾವಿರ ಸುತ್ತು ಸೊನ್ನೆಗೆ ಇಳಿಯುತ್ತದೆ.

ಸೇಲಂನ ಬಿಳಿ ಕಲ್ಲಿನ ಧಾತು

ಬಲೆ ಬಿಡಿಸುವಾಗ ಬೆರೆಸಿದ ಆ ಚೂರು ಮೆಗ್ನೀಸಿಯಂ ನೆನಪಿದೆಯೇ? ಬೆಂಗಳೂರಿನಿಂದ ಹೊಸೂರು, ಧರ್ಮಪುರಿ, ಓಮಲೂರು ಮಾರ್ಗವಾಗಿ ಬರುವ ರೈಲುದಾರಿಯಲ್ಲಿ ಸೇಲಂ ಸೇರುವ ಮುನ್ನ ಮ್ಯಾಗ್ನೆಸೈಟ್ ಜಂಕ್ಷನ್ ಎಂಬ ನಿಲ್ದಾಣವಿದೆ. ಆ ಭಾಗದ ಚಾಕ್ ಹಿಲ್ಸ್ ಎಂಬ ಗುಡ್ಡಗಳಲ್ಲಿ ಬೆಳ್ಳಗೆ ಕಾಣುವ ಕಲ್ಲು ಮ್ಯಾಗ್ನೆಸೈಟ್, ಎಂದರೆ ಮೆಗ್ನೀಸಿಯಂ ಕಾರ್ಬೊನೇಟ್. ಅದನ್ನು ಅಗೆದು, ಸುಟ್ಟು, ಉಕ್ಕಿನ ಕುಲುಮೆಗಳ ಒಳಗೋಡೆಗೆ ಬೇಕಾದ ಇಟ್ಟಿಗೆ ಮಾಡುತ್ತಾರೆ. ಉಕ್ಕು ಕರಗುವ ಬೆಂಕಿಯನ್ನು ತಡೆದು ನಿಲ್ಲುವ ಆ ಇಟ್ಟಿಗೆಯ ಧಾತುವೇ ನಮ್ಮ ಕಿಣ್ವಗಳಿಗೂ ಬೇಕು. ಗೈರೇಸ್ ಡಿಎನ್‌ಎ ಕತ್ತರಿಸಿ ಕೂಡಿಸುವ ಜಾಗದಲ್ಲಿ ಮೆಗ್ನೀಸಿಯಂ ಅಯಾನು ಇರಲೇಬೇಕು. ಎಟಿಪಿಯನ್ನು ಬಳಸುವಾಗಲೂ ಅದು ಬೇಕು. ಟೋಪೋಐಸೋಮರೇಸ್ ಒಂದಕ್ಕೂ ಹುರಿ ಬಿಡಿಸಿ ಮುಗಿಸಲು ಮೆಗ್ನೀಸಿಯಂ ಬೇಕು. ಪ್ರಯೋಗದ ನಳಿಗೆಯಿಂದ ಮೆಗ್ನೀಸಿಯಂ ತೆಗೆದುಬಿಡಿ, ಈ ಚಮತ್ಕಾರವೆಲ್ಲ ಅಲ್ಲಿಗೇ ನಿಲ್ಲುತ್ತದೆ. ಗುಡ್ಡದಷ್ಟು ಬಿದ್ದಿರುವ ಧಾತುವಿನ ಒಂದೆರಡು ಅಯಾನುಗಳ ಮೇಲೆ ಒಂದು ಜೀವ ಎರಡಾಗುವುದು ನಿಂತಿದೆ ಎಂದರೆ ಮೈ ಜುಮ್ಮೆನ್ನುವುದಿಲ್ಲವೇ?

ಬೆರಗಿನಿಂದ ಔಷಧಿಗೆ

ಇಷ್ಟು ನಾಜೂಕಾದ ಕೆಲಸವನ್ನು ಅಡ್ಡಗಟ್ಟಿದರೆ ಬ್ಯಾಕ್ಟೀರಿಯ ಉಳಿಯದು. ಮನುಷ್ಯ ಇದನ್ನು ತಿಳಿಯುವ ಮೊದಲೇ ಹಾಗೆ ಅಡ್ಡಗಟ್ಟುವ ಔಷಧಿಯೊಂದನ್ನು ಮಾಡಿಬಿಟ್ಟಿದ್ದ. ಮಲೇರಿಯದ ಕ್ಲೋರೊಕ್ವಿನ್ ತಯಾರಿಕೆಯಲ್ಲಿ ಸಿಕ್ಕ ಉಪವಸ್ತುವೊಂದರ ಜಾಡು ಹಿಡಿದು, 1962ರಲ್ಲಿ ಜಾರ್ಜ್ ಲೆಷರ್ ಮತ್ತು ಸಂಗಡಿಗರು ನ್ಯಾಲಿಡಿಕ್ಸಿಕ್ ಆಮ್ಲವನ್ನು ಪ್ರಕಟಿಸಿದರು. ಮೂತ್ರನಾಳದ ಸೋಂಕಿಗೆ ಅದು ಔಷಧಿಯಾಯಿತು. ಅದು ಹಿಡಿಯುವುದು ಗೈರೇಸನ್ನು ಎಂದು ತಿಳಿದದ್ದು 1977ರಲ್ಲಿ, ಗೈರೇಸ್ ಸಿಕ್ಕ ಮರುವರ್ಷ. ಅದೇ ಕುಲದಿಂದ ಬಂದವು ನಮ್ಮ ಮನೆಮನೆಗೂ ಪರಿಚಯವಿರುವ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್.

ಅವು ಕೊಲ್ಲುವ ರೀತಿ ಕೇಳಿ. ಗೈರೇಸ್ ಕತ್ತರಿಸುವುದನ್ನು ಅವು ತಡೆಯುವುದಿಲ್ಲ. ಕತ್ತರಿಸಲು ಬಿಡುತ್ತವೆ. ಸಂದು ತೆರೆದಿರುವ ಆ ಅಪಾಯದ ಕ್ಷಣದಲ್ಲಿ ನಡುವೆ ಹೊಕ್ಕು ಕೂತು, ಕೆಚ್ಚುವುದನ್ನು ಮಾತ್ರ ತಡೆಯುತ್ತವೆ! ಕತ್ತರಿಸಿದ ತುದಿಗಳನ್ನು ಹಿಡಿದು ನಿಂತ ಕಿಣ್ವಕ್ಕೆ ನಕಲಿನ ಯಂತ್ರ ಬಂದು ಡಿಕ್ಕಿ ಹೊಡೆಯುತ್ತದೆ. ವರ್ಣತಂತು ನಿಜವಾಗಿಯೂ ಹರಿಯುತ್ತದೆ. ಬ್ಯಾಕ್ಟೀರಿಯದ ಪ್ರಾಣ ಉಳಿಸುತ್ತಿದ್ದ ಕಿಣ್ವವೇ ಅದರ ಮೃತ್ಯುವಾಗುತ್ತದೆ. ನಮ್ಮ ಜೀವಕೋಶಗಳಲ್ಲಿ ಗೈರೇಸ್ ಇಲ್ಲ. ನಮ್ಮ ಟೋಪೋಐಸೋಮರೇಸ್‌ಗಳ ರಚನೆ ಬೇರೆ. ಆದ್ದರಿಂದ ಔಷಧಿ ಬ್ಯಾಕ್ಟೀರಿಯವನ್ನು ಆರಿಸಿ ಹೊಡೆಯುತ್ತದೆ.

ಮದ್ದಿಗೆ ಜಗ್ಗದ ಕ್ಷಯಕ್ಕೆ ಈ ಕುಲದ ಔಷಧಿಗಳೂ ದೊಡ್ಡ ಆಸರೆ. 2024ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಒಪ್ಪಿಗೆ ಕೊಟ್ಟ ನಾಲ್ಕು ಔಷಧಿಗಳ ಹೊಸ ಚಿಕಿತ್ಸಾಕ್ರಮದಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಒಂದು. ಆದರೆ ಒಂದು ಭಯವೂ ಇದೆ. ಕ್ಷಯದ ಬ್ಯಾಕ್ಟೀರಿಯದಲ್ಲಿ ಈ ಔಷಧಿಗೆ ಗುರಿ ಗೈರೇಸ್ ಒಂದೇ. ಗೈರೇಸ್ ‘ಎ’ ಪ್ರೋಟೀನಿನ 94ನೆಯ ಸ್ಥಾನದ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ ಔಷಧಿಯ ಹಿಡಿತ ತಪ್ಪುತ್ತದೆ. ಅರೆಬರೆ ನುಂಗಿದ ಪ್ರತಿಯೊಂದು ಮಾತ್ರೆಯೂ ಅಂಥ ಬದಲಾದ ಬ್ಯಾಕ್ಟೀರಿಯಕ್ಕೆ ಬೆಳೆಯಲು ಎಡೆ ಮಾಡಿಕೊಡುತ್ತದೆ.

ಆದ್ದರಿಂದಲೇ ಟೋಪೋಐಸೋಮರೇಸ್ ಒಂದರ ಮೇಲೆ ವಿಜ್ಞಾನಿಗಳ ಕಣ್ಣು. ಬ್ಯಾಕ್ಟೀರಿಯದ ಈ ಕಿಣ್ವವನ್ನು ಹಿಡಿಯುವ ಔಷಧಿ ಇನ್ನೂ ರೋಗಿಯ ಕೈ ಸೇರಿಲ್ಲ. ಖಿನ್ನತೆಗೆ ಕೊಡುವ ಹಳೆಯ ಔಷಧಿ ಇಮಿಪ್ರಮಿನ್ ಕ್ಷಯದ ಬ್ಯಾಕ್ಟೀರಿಯದ ಈ ಕಿಣ್ವವನ್ನು ತಡೆಯಬಲ್ಲದು ಎಂದು ನಾಗರಾಜ ಅವರ ತಂಡವೇ 2015ರಲ್ಲಿ ವರದಿ ಮಾಡಿತು. ಅದು ಪ್ರಯೋಗಾಲಯದ ಮಾತು, ಚಿಕಿತ್ಸೆಯಲ್ಲ. ಆದರೆ ಇಂಥದ್ದೊಂದು ಬೀಗಕ್ಕೆ ಕೀಲಿ ಇದೆ ಎಂದು ತಿಳಿದದ್ದೇ ಸಣ್ಣ ಸಂಗತಿಯಲ್ಲ.

ಓದುಗರಲ್ಲಿ ಒಂದು ಮಾತು

ಜಗತ್ತಿನ ಕ್ಷಯರೋಗಿಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ಭಾರತದವರು. ಮನೆಯಲ್ಲಿದ್ದುಕೊಂಡೇ ಮಾತ್ರೆ ನುಂಗಿ ಕ್ಷಯ ಗುಣಪಡಿಸಬಹುದು ಎಂದು ಜಗತ್ತಿಗೆ ತೋರಿಸಿದ್ದು 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರ. ಆ ಬ್ಯಾಕ್ಟೀರಿಯದ ಒಳಗಿನ ಗುಟ್ಟನ್ನು ಬಿಡಿಸಿದ್ದು ಬೆಂಗಳೂರು. ಆ ಎರಡು ನಗರಗಳ ನಡುವೆ ಇರುವವರು ಸೇಲಂ, ಧರ್ಮಪುರಿಯ ನಾವು. ಈ ಜ್ಞಾನದ ಫಲ ಮೊದಲು ನಮ್ಮ ಮನೆಗಳಿಗೆ ಮುಟ್ಟಬೇಕು.

ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಇದ್ದರೆ ಕಫ ಪರೀಕ್ಷೆ ಮಾಡಿಸಿ. ಸೇಲಂನ ಮೋಹನ್ ಕುಮಾರಮಂಗಲಂ ಸರ್ಕಾರಿ ಆಸ್ಪತ್ರೆಯಲ್ಲೂ ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೂ ಕ್ಷಯದ ಪರೀಕ್ಷೆಗಾಗಲಿ ಔಷಧಿಗಾಗಲಿ ಹಣ ಕೊಡಬೇಕಾಗಿಲ್ಲ. ಚಿಕಿತ್ಸೆಯ ಅವಧಿಯಲ್ಲಿ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ರೋಗಿಯ ಖಾತೆಗೆ ಬರುತ್ತದೆ. ಕೆಮ್ಮಿಗೋ ಜ್ವರಕ್ಕೋ ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ತಂದು ನುಂಗಬೇಡಿ. ಅವು ಕ್ಷಯವನ್ನು ಕೆಲವು ದಿನ ಮರೆಮಾಚಿ ರೋಗ ಪತ್ತೆಯಾಗುವುದನ್ನು ತಡಮಾಡುತ್ತವೆ, ಮುಂದೆ ಬೇಕಾಗುವ ಔಷಧಿಯನ್ನೂ ಹಾಳುಗೆಡವುತ್ತವೆ. ಕ್ಷಯದ ಔಷಧಿ ಶುರುಮಾಡಿದವರು, ಮೈ ಹಗುರಾಯಿತು ಎಂದು ನಡುವೆ ಬಿಡಬೇಡಿ. ವೈದ್ಯರು ಸಾಕು ಎನ್ನುವವರೆಗೆ ಕೊನೆಯ ಮಾತ್ರೆಯನ್ನೂ ನುಂಗಿ.